ಉದ್ದ ತೋಳಿನ ರವಿಕೆ ಮತ್ತು ವಿಟಮಿನ್ ಡಿ

ನಾನು ಚರ್ಮರೋಗದ ಡಾಕ್ಟರ್. ಎಂ.ಡಿ. ಓದುವಾಗ ಎಲ್ಲರ ಹಾಗೆ ನಾನೂ ಒಂದು ಥೀಸಿಸ್ ಮಾಡಬೇಕಿತ್ತು. ಆರಿಸಿಕೊಂಡ ವಿಷಯ ಇಷ್ಟೇ: ಸೋರಿಯಾಸಿಸ್ (ಚರ್ಮ ದಪ್ಪಗಾಗಿ ಹೊಟ್ಟು ಉದುರುವ ರೋಗ) ಇರುವವರ ರಕ್ತದಲ್ಲಿ ವಿಟಮಿನ್ ಡಿ ಬೇರೆಯವರಿಗಿಂತ ಕಡಿಮೆ ಇರುತ್ತಾ? ಕೇಳೋಕೆ ಸಣ್ಣ ಪ್ರಶ್ನೆ. ಅದರ ಹಿಂದೆ ಒಂದೂವರೆ ವರ್ಷ ಓಡಾಡಿದೆ. ಆಗ ಕಲಿತದ್ದು ಈಗಲೂ ದಿನಾ ಓಪಿಡಿಯಲ್ಲಿ ಕೆಲಸಕ್ಕೆ ಬರುತ್ತಿದೆ.

ಈ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. 1985ರಲ್ಲಿ ಜಪಾನಿನ ಒಸಾಕಾದ ವೈದ್ಯರು ಮೂಳೆ ಸವೆತದ ರೋಗಿಯೊಬ್ಬರಿಗೆ ವಿಟಮಿನ್ ಡಿ ಜಾತಿಯ ಔಷಧಿ ಕೊಟ್ಟಿದ್ದರು. ಮೂಳೆಗೆ ಅಂತ ಕೊಟ್ಟದ್ದು. ಆದರೆ ಆ ರೋಗಿಗಿದ್ದ ಸೋರಿಯಾಸಿಸ್ ವಾಸಿಯಾಯಿತು. ಮುಂದೆ ಇದೇ ದಾರಿಯಲ್ಲಿ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಬಂತು. ಸೋರಿಯಾಸಿಸ್‌ನಲ್ಲಿ ಚರ್ಮದ ಜೀವಕೋಶಗಳು ಅವಸರದಲ್ಲಿ ಹುಟ್ಟಿ ಮೇಲಕ್ಕೆ ಬರುತ್ತವೆ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಅದಕ್ಕೇ ಪದರ ದಪ್ಪಗಾಗಿ ಬೆಳ್ಳಗೆ ಹೊಟ್ಟು ಉದುರುವುದು. ಮುಲಾಮು ಆ ಅವಸರವನ್ನು ತಗ್ಗಿಸುತ್ತದೆ. ಹಾಗಿದ್ದರೆ ರಕ್ತದಲ್ಲೇ ವಿಟಮಿನ್ ಡಿ ಕಡಿಮೆ ಇರುವವರಿಗೆ ಏನಾಗುತ್ತಿರಬಹುದು ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಹೂಂ ಅಂದಿತು. ನಾನು ಎಡವಿದ್ದು ಅಧ್ಯಯನಕ್ಕೆ ಸೇರುವವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ. ಇಂಗ್ಲಿಷಿನಿಂದ ತಂದ ಹಳೇ ನಮೂನೆಯೊಂದನ್ನು ಹಾಗೇ ಇಟ್ಟುಕೊಂಡಿದ್ದೆ. "ಅಭಿಧಮನಿಯಿಂದ 5 ಮಿ.ಲೀ. ರಕ್ತದ ಮಾದರಿಯನ್ನು ಸಂಗ್ರಹಿಸಲಾಗುವುದು" ಅಂತ ಓದಿ ಹೇಳಿದೆ. ಎದುರಿಗೆ ಕೂತಿದ್ದ ಅಜ್ಜಿ ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆಪರೇಷನ್ನೇನವ್ವಾ?" ಅಂದರು.

ಅವತ್ತು ರಾತ್ರಿ ಕೂತು ಇಡೀ ಪತ್ರ ಹೊಸದಾಗಿ ಬರೆದೆ. "ನಿಮ್ಮ ಕೈಯಿಂದ ಒಂದು ಟೀ ಚಮಚದಷ್ಟು ರಕ್ತ ತೆಗೆಯುತ್ತೇವೆ. ಸೂಜಿ ಚುಚ್ಚಿದಾಗ ಸ್ವಲ್ಪ ನೋವಾಗುತ್ತದೆ. ನೀವು ಬೇಡ ಅಂದರೂ ಈಗ ಸಿಗುತ್ತಿರುವ ಚಿಕಿತ್ಸೆ ಹಾಗೇ ಸಿಗುತ್ತದೆ. ನಡುವೆ ಬೇಡ ಅನ್ನಿಸಿದರೆ ಬಿಡಬಹುದು, ಕಾರಣ ಹೇಳಬೇಕಿಲ್ಲ." ಪತ್ರದಲ್ಲಿ ಒಂದು ಸಾಲು ಬದಲಾದರೂ ಮತ್ತೆ ಕಮಿಟಿಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಅದಕ್ಕೆ ಕೆಲವು ವಾರ ಹೋಯಿತು. ಹೋಗಲಿ, ಆ ವಾರಗಳು ದಂಡವಾಗಲಿಲ್ಲ. ಬಹಳ ಜನರಿಗೆ "ಬೇಡ ಅಂದರೆ ಮಾತ್ರೆ ನಿಲ್ಲಿಸಿಬಿಡ್ತಾರೆ" ಅನ್ನೋ ಭಯ ಇತ್ತು. ಮೂರನೇ ಸಾಲು ಓದಿದಾಗ ಅವರ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತಿತ್ತು. ಓದು ಬಾರದವರಿಗೆ, ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಿದ್ದೆ.

ಎರಡು ಗುಂಪು ಮಾಡಿದೆ. ಒಂದರಲ್ಲಿ ಸೋರಿಯಾಸಿಸ್ ಇರುವವರು. ಇನ್ನೊಂದರಲ್ಲಿ ಅದೇ ವಯಸ್ಸಿನ, ನರುಳ್ಳೆಯಂಥ ಸಣ್ಣಪುಟ್ಟ ತೊಂದರೆಗೆ ಬಂದವರು, ರೋಗಿಗಳ ಜೊತೆ ಬಂದವರು. ಆಗಲೇ ವಿಟಮಿನ್ ಡಿ ತಗೊಳ್ಳುತ್ತಿದ್ದವರನ್ನು, ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದವರನ್ನು ಸೇರಿಸಿಕೊಳ್ಳಲಿಲ್ಲ. ಮಳೆಗಾಲಕ್ಕೂ ಬೇಸಿಗೆಗೂ ರಕ್ತದ ಮಟ್ಟ ಬದಲಾಗುತ್ತದೆ. ಅದಕ್ಕೆ ಎರಡೂ ಗುಂಪಿನವರ ರಕ್ತ ಒಂದೇ ಕಾಲದಲ್ಲಿ ತೆಗೆಯುತ್ತಾ ಬಂದೆ.

ರೋಗ ಎಷ್ಟಿದೆ ಅಂತ ಅಳೆಯಲು 1978ರಿಂದ ಪಾಸಿ ಅನ್ನೋ ಲೆಕ್ಕ ಬಳಕೆಯಲ್ಲಿದೆ. ತಲೆ, ಕೈ, ಮೈ, ಕಾಲು ಅಂತ ನಾಲ್ಕು ಭಾಗ. ಪ್ರತಿ ಭಾಗದಲ್ಲೂ ಕೆಂಪು ಎಷ್ಟು, ದಪ್ಪ ಎಷ್ಟು, ಹೊಟ್ಟು ಎಷ್ಟು, ಎಷ್ಟು ಜಾಗದಲ್ಲಿ ಇದೆ ಅಂತ ಅಂಕ ಹಾಕಬೇಕು. ಎಲ್ಲಾ ಸೇರಿ ಹೆಚ್ಚೆಂದರೆ 72. ಜಾಗ ಅಳೆಯಲು ರೋಗಿಯ ಅಂಗೈಯೇ ಅಳತೆಗೋಲು. ಬೆರಳು ಸೇರಿಸಿ ಒಂದು ಅಂಗೈ ಅಂದರೆ ಇಡೀ ಮೈಯ ಸುಮಾರು ನೂರರಲ್ಲಿ ಒಂದು ಭಾಗ. ಕಷ್ಟ ಇದ್ದದ್ದು ಕೆಂಪಿನಲ್ಲಿ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದ್ದು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣಲ್ಲ, ನೇರಳೆಯಾಗಿಯೋ ಕಂದಾಗಿಯೋ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಅಂಕ ಕಮ್ಮಿ ಬೀಳುತ್ತಿತ್ತು. ಕೊನೆಗೆ ಎಲ್ಲರನ್ನೂ ಕಿಟಕಿ ಪಕ್ಕಕ್ಕೆ ಕೂರಿಸಿ, ಹಗಲು ಬೆಳಕಿನಲ್ಲೇ ನೋಡುವ ಅಭ್ಯಾಸ ಮಾಡಿಕೊಂಡೆ.

ಇನ್ನು ಆ ರವಿಕೆಯ ವಿಷಯ.

ಏಪ್ರಿಲ್ ತಿಂಗಳು. ಹೊಲದಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸು ರಕ್ತ ಕೊಡಲು ಕೂತರು. ತೋಳಿಗೆ ಪಟ್ಟಿ ಕಟ್ಟೋಣ ಅಂದರೆ ರವಿಕೆಯ ತೋಳು ಮೇಲೆ ಸರಿಯುತ್ತಿಲ್ಲ. ಮಣಿಕಟ್ಟಿನವರೆಗೂ ಉದ್ದ, ಬಿಗಿಯಾಗಿ ಹೊಲಿಸಿದ್ದು. ಕಂಕುಳ ಹತ್ತಿರ ಬೆವರು ಬಿಳೀ ಉಪ್ಪಾಗಿ ಗೆರೆ ಕಟ್ಟಿತ್ತು. ನರ್ಸ್ ನಿಧಾನಕ್ಕೆ ತೋಳನ್ನು ಮೇಲಕ್ಕೆ ಎಳೆದರು. ಹೊಟ್ಟು ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು. ಅವರು ತಕ್ಷಣ ಸೆರಗಿನಿಂದ ಮೇಜು ಒರೆಸಿದರು.

"ಬಿಡಿ ಅಮ್ಮ, ಪರವಾಗಿಲ್ಲ. ಇಂಥ ಸೆಕೆಯಲ್ಲಿ ಯಾಕೆ ಇಷ್ಟು ಉದ್ದ ತೋಳು?"

"ಬಸ್ಸಲ್ಲಿ ಯಾರೂ ಪಕ್ಕ ಕೂರಲ್ಲ ಮೇಡಂ. ಅಂಟ್ಕೊಳ್ತದೆ ಅಂತಾರೆ. ಗಿಡ್ಡ ತೋಳಿನ ರವಿಕೆ ಹೊಲಿಸಿ ಎಂಟು ವರ್ಷ ಆಯ್ತು."

ನನ್ನ ಕೈಯಲ್ಲಿದ್ದ ಫಾರಂನಲ್ಲಿ "ದಿನಕ್ಕೆ ಎಷ್ಟು ಗಂಟೆ ಬಿಸಿಲಿನಲ್ಲಿ ಇರುತ್ತೀರಿ?" ಅನ್ನೋ ಪ್ರಶ್ನೆ ಇತ್ತು. ಅವರು ಐದು ಗಂಟೆ ಅಂದಿದ್ದರು. ನಾನು 5 ಅಂತ ಬರೆದಿದ್ದೆ. ಐದು ಗಂಟೆ ಬಿಸಿಲಲ್ಲಿ ಇದ್ದದ್ದು ಬಟ್ಟೆ, ಚರ್ಮ ಅಲ್ಲ! ಮುಖ ಮತ್ತು ಅಂಗೈ ಬಿಟ್ಟರೆ ಅವರ ಮೈಗೆ ಬಿಸಿಲೇ ತಾಗಿರಲಿಲ್ಲ. ಚರ್ಮದಲ್ಲಿರುವ ಒಂದು ಬಗೆಯ ಕೊಬ್ಬಿನಂಶದ ಮೇಲೆ ಬಿಸಿಲಿನ ಯು.ವಿ.ಬಿ. ಕಿರಣ ಬಿದ್ದರೆ ಮಾತ್ರ ವಿಟಮಿನ್ ಡಿ ತಯಾರಾಗುವುದು. ಬಟ್ಟೆಯ ಮೇಲೆ ಬಿದ್ದ ಬಿಸಿಲು ಲೆಕ್ಕಕ್ಕಿಲ್ಲ.

ಮತ್ತೆ ಕಮಿಟಿಗೆ ಹೋದೆ. ಹೊರಗೆ ಹೋಗುವಾಗ ಮೈಯ ಯಾವ ಭಾಗ ತೆರೆದಿರುತ್ತದೆ, ರೋಗ ಬಂದ ಮೇಲೆ ಬಟ್ಟೆ ಬದಲಾಯಿತೇ ಅಂತ ಎರಡು ಪ್ರಶ್ನೆ ಸೇರಿಸಿದೆ. ಮೊದಲೇ ಬಂದುಹೋಗಿದ್ದವರಿಗೆ ಫೋನ್ ಮಾಡಿ ಕೇಳಿದೆ. ಒಬ್ಬರು ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ ಬೆಳಗ್ಗೆ ವ್ಯಾನ್ ಹತ್ತಿದರೆ ಮತ್ತೆ ಆಕಾಶ ನೋಡುವುದು ಸಂಜೆ.

ಫಲಿತಾಂಶ ಬಂತು. ರೋಗಿಗಳ ಗುಂಪಿನಲ್ಲಿ ವಿಟಮಿನ್ ಡಿ ಕಡಿಮೆಯೇ ಇತ್ತು. ಇನ್ನೊಂದು ಗುಂಪಿನಲ್ಲೂ ಬಹಳ ಜನರಿಗೆ ಕಡಿಮೆ ಇತ್ತು, ಅದು ಬೇರೆ ಮಾತು. ಕೊರತೆಯಿಂದ ಸೋರಿಯಾಸಿಸ್ ಜಾಸ್ತಿಯಾಯಿತೋ, ಸೋರಿಯಾಸಿಸ್‌ನಿಂದ ಜನ ಮೈ ಮುಚ್ಚಿಕೊಂಡು ಕೊರತೆ ಬಂತೋ? ಒಂದು ಸಲ ರಕ್ತ ತೆಗೆದು ನೋಡುವ ಅಧ್ಯಯನ ಇದಕ್ಕೆ ಉತ್ತರ ಕೊಡಲಾರದು. ಥೀಸಿಸ್‌ನಲ್ಲಿ ಹಾಗೇ ಬರೆದೆ. "ಕೊರತೆಯೇ ಕಾರಣ ಅಂತ ಬರೆದರೆ ಚೆನ್ನಾಗಿರುತ್ತೆ" ಅಂತ ಸಲಹೆ ಕೊಟ್ಟವರಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ.

ನಾರ್ವೆಯ ಉತ್ತರ ತುದಿಯ ಟ್ರೋಮ್ಸೋದಲ್ಲಿ ಚಳಿಗಾಲದಲ್ಲಿ ಸೂರ್ಯನೇ ಹುಟ್ಟದ ವಾರಗಳಿವೆ. ವಿಟಮಿನ್ ಡಿ ಕೊಟ್ಟರೆ ರೋಗ ಇಳಿಯುತ್ತಾ ಅಂತ ನೋಡಲು ಅಲ್ಲಿ 122 ಸೋರಿಯಾಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್ ಡಿ, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳು. 2023ರಲ್ಲಿ ಫಲಿತಾಂಶ ಹೊರಬಂತು: ಪಾಸಿ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ನಾನು ರೋಗಿಗಳಿಗೆ ನೇರವಾಗಿ ಹೇಳುತ್ತೇನೆ. ಒಂದು ಮಿ.ಲೀ. ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ವಿಟಮಿನ್ ಡಿ ಕೊಡುತ್ತೇನೆ. ಅದು ನಿಮ್ಮ ಮೂಳೆಗೆ, ಮಾಂಸಖಂಡಕ್ಕೆ. ಸೋರಿಯಾಸಿಸ್‌ಗೆ ಬೇರೆ ಔಷಧಿ ಇದೆ, ಅದನ್ನು ಬಿಡಬೇಡಿ.

ಈ ಎಚ್ಚರಿಕೆಗೆ ಇನ್ನೊಂದು ಕಾರಣ ಇದೆ. ಒಬ್ಬರು ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಅಂತ ಬಂದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ವಾರಕ್ಕೊಂದು ತಗೊಳ್ಳಬೇಕಾದ 60,000 ಯೂನಿಟ್‌ನ ಪುಡಿಯನ್ನು ಎರಡು ತಿಂಗಳಿಂದ ದಿನಾ ಹಾಲಿಗೆ ಹಾಕಿಕೊಂಡು ಕುಡಿದಿದ್ದರು. ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಯಿತು. ಅವತ್ತಿನಿಂದ ನಾನು "ವಾರಕ್ಕೊಮ್ಮೆ" ಅಂತ ಬರೆಯುವುದನ್ನೇ ಬಿಟ್ಟೆ. "ಸೋಮವಾರ ಮಾತ್ರ, 8 ಸೋಮವಾರ" ಅಂತ ಕನ್ನಡದಲ್ಲಿ ಬರೆಯುತ್ತೇನೆ. ಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ಎಂಟು ಸೋಮವಾರಕ್ಕೆ ಸುತ್ತು ಹಾಕಿ, ತಗೊಂಡ ದಿನ ಅಡ್ಡಗೆರೆ ಎಳೆಯಿರಿ ಅಂತ ಹೇಳುತ್ತೇನೆ.

ಬಿಸಿಲಿನ ಬಗ್ಗೆಯೂ ಜನ ಕೇಳುತ್ತಾರೆ. ಎಳೆಬಿಸಿಲು ಒಳ್ಳೆಯದು ಅಂತ ಎಲ್ಲರ ನಂಬಿಕೆ. ಹಿತವಾಗಿರುತ್ತದೆ ನಿಜ, ಆದರೆ ಆಗ ಯು.ವಿ.ಬಿ. ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಆಗಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಕೈಕಾಲು ತೆರೆದು ಸ್ವಲ್ಪ ಹೊತ್ತು ಸಾಕು, ಚರ್ಮ ಸುಡಬಾರದು. ಸುಟ್ಟ ಜಾಗದಲ್ಲೇ ಹೊಸ ಸೋರಿಯಾಸಿಸ್ ಏಳಬಹುದು. ಲೂಪಸ್ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ರೋಗ) ಇರುವವರಿಗೆ, ಬಿಸಿಲಿಗೆ ರೋಗ ಕೆರಳುವವರಿಗೆ ಈ ಮಾತು ಹೇಳಲ್ಲ. ಕ್ಯಾಲ್ಸಿಪೋಟ್ರಿಯಾಲ್ ಹಚ್ಚುವವರಿಗೆ ಇನ್ನೆರಡು ಮಾತು: ದೊಡ್ಡವರಿಗೆ ವಾರಕ್ಕೆ 100 ಗ್ರಾಂ ದಾಟಬಾರದು, ಸ್ಯಾಲಿಸಿಲಿಕ್ ಆಸಿಡ್ ಇರುವ ಮುಲಾಮಿನ ಜೊತೆ ಬೆರೆಸಬಾರದು. ಬೆರೆಸಿದರೆ ಅದರ ಶಕ್ತಿ ಹೋಗುತ್ತದೆ.

ಆದರೆ ಬಿಸಿಲಿಗೆ ಕೈ ತೆರೆಯಿರಿ ಅಂತ ನಾನು ಸುಮ್ನೆ ಹೇಳಿದರೆ ಆಯ್ತಾ? ಪಕ್ಕದವರು ಎದ್ದು ಹೋಗುತ್ತಾರಲ್ಲ. ಗಾರ್ಮೆಂಟ್ಸ್ ಹುಡುಗಿ ಒಂದು ದಿನ, "ಮೇಡಂ, ಇದು ಅಂಟಲ್ಲ ಅಂತ ಒಂದು ಚೀಟಿ ಬರ್ಕೊಡಿ, ಸೂಪರ್‌ವೈಸರ್‌ಗೆ ತೋರಿಸ್ತೀನಿ" ಅಂದಳು. ಬರೆದುಕೊಟ್ಟೆ. "ಇವರಿಗಿರುವುದು ಸೋರಿಯಾಸಿಸ್. ಮುಟ್ಟಿದರೆ, ಜೊತೆಗೆ ಕೂತು ಉಂಡರೆ, ಅವರ ಬಟ್ಟೆ ಹಾಕಿಕೊಂಡರೆ ಇದು ಯಾರಿಗೂ ಅಂಟುವುದಿಲ್ಲ." ಕೆಳಗೆ ಸಹಿ, ಮೊಹರು. ಮುಂದಿನ ವಾರ ಅವಳ ಜೊತೆ ಇನ್ನಿಬ್ಬರು ಬಂದರು, ಅದೇ ಚೀಟಿ ಬೇಕು ಅಂತ. ಉದ್ದ ತೋಳಿನ ರವಿಕೆಯ ಅಮ್ಮ ಎರಡು ಪ್ರತಿ ಕೇಳಿದರು. ಒಂದು ಮನೆಗೆ, ಇನ್ನೊಂದು ಬಸ್ಸಿಗೆ. ಈಗ ಅದನ್ನು ಟೈಪ್ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಟ್ಟು, ಒಂದು ಕಟ್ಟು ಮೇಜಿನ ಡ್ರಾಯರ್‌ನಲ್ಲಿ ಇಟ್ಟಿರುತ್ತೇನೆ.