ಫೋಟೋಕ್ಕೂ ಗಾಜಿಗೂ ನಡುವೆ ಉಗುರಿನಷ್ಟು ಜಾಗ ಬಿಡ್ರಿ

ಅಮಾವಾಸ್ಯೆ ಬಂತೆಂದರೆ ನಮ್ಮ ಕೊಪ್ಪಳದ ಕಡೆ ಹಿರಿಯರ ಫೋಟೋ ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುವುದು ಇದ್ದದ್ದೇ. ಈಗಿನ ಹುಡುಗಿಯರು ಒರೆಸುವ ರೀತಿ ನೋಡಿದರೆ ಮಾತ್ರ ನನಗೆ ತಡೆಯುವುದಿಲ್ಲ. ಬಕೀಟಿನಲ್ಲಿ ಅದ್ದಿದ ಅರಿವೆಯನ್ನು ನೆಟ್ಟಗೆ ಹಿಂಡದೆ ಹಾಗೇ ಗಾಜಿನ ಮೇಲೆ ಎಳೆಯುತ್ತಾರೆ. ಆ ನೀರು ಜಾರಿ ಕೆಳಗಿನ ಪಟ್ಟಿಯ ಸಂದಿಗೆ ಇಳಿಯುತ್ತದೆ, ಅಲ್ಲಿಂದ ಒಳಗೆ ಏರಿ ಫೋಟೋದ ಬುಡ ಮುಟ್ಟುತ್ತದೆ. ನಾಕು ಅಮಾವಾಸ್ಯೆ ಹೀಗೆ ಮಾಡಿದರೆ ಅಜ್ಜನ ಧೋತರದ ಅಂಚಿಗೆ ಕಂದು ಕಲೆ. ಕೇಳಿದರೆ, "ಹಳೇ ಫೋಟೋ ಅಲ್ಲೇನಬೇ, ಹಾಳಾಗೇ ಆಗ್ತಾವ" ಅಂತಾರೆ.

ಹಂಗೇನಿಲ್ಲ. ನಮ್ಮ ಯಜಮಾನರ ಹತ್ತಿರ ಕ್ಲಿಕ್ ಥ್ರೀ ಕ್ಯಾಮೆರಾ ಇತ್ತು. ಒಂದು ರೋಲಿಗೆ 12 ಚಿತ್ರ ಅಷ್ಟೆ. ಗುಂಡಿ ಒತ್ತುವ ಮುಂಚೆ ಬಿಸಿಲು ಯಾವ ಕಡೆ ಇದೆ, ತಲೆ ಮೇಲೆ ಜಾಗ ಎಷ್ಟಿದೆ, ಹಿಂದೆ ಕಂಬ ಬಂತೇನು, ಎಲ್ಲ ನೋಡುತ್ತಿದ್ದರು. ಆ ಚೌಕ ಚೌಕ ಕಪ್ಪು ಬಿಳುಪು ಚಿತ್ರಗಳು ಇವತ್ತಿಗೂ ನಮ್ಮ ಪಡಸಾಲೆಯಲ್ಲಿ ಗಟ್ಟಿಯಾಗಿವೆ, ಯಾಕೆಂದರೆ ಕಟ್ಟು ಹಾಕಿಸುವಾಗ ಅವರು ಅಂಗಡಿಯಲ್ಲೇ ನಿಂತು ಮಾಡಿಸುತ್ತಿದ್ದರು.

ಪ್ರವಾಸದ ಫೋಟೋ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಟಗಿಯ ಮಹಾದೇವ ದೇವಸ್ಥಾನಕ್ಕೆ ಮಟಮಟ ಮಧ್ಯಾಹ್ನ ಹೋಗಿ ಫೋಟೋ ತೆಗೆದು ಬಂದು "ಕೆತ್ತನೆ ಕಾಣವಲ್ದು" ಅಂದರೆ ಯಾರೇನು ಮಾಡಬೇಕು? 1112ರಲ್ಲಿ ಕಟ್ಟಿದ ಗುಡಿ ಅದು, ಶಾಸನದಲ್ಲಿ ದೇವಾಲಯ ಚಕ್ರವರ್ತಿ ಎಂದು ಕರೆಸಿಕೊಂಡದ್ದು. ಬೆಳಗಿನ ಎಳೆಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಬಳ್ಳಿ, ಒಂದೊಂದು ಮುಖ ಎದ್ದು ನಿಲ್ಲುತ್ತದೆ. ನಡು ಮಧ್ಯಾಹ್ನ ಎಲ್ಲ ಸಪಾಟು. ಇನ್ನೊಂದು, ಫೋನಿನ ಚಿತ್ರದ ಅಳತೆ ಸಾಮಾನ್ಯವಾಗಿ 4ಕ್ಕೆ 3. ಸ್ಟುಡಿಯೊದಲ್ಲಿ 4×6 ಪ್ರಿಂಟ್ ಹೇಳಿದರೆ ಅಂಚು ಕತ್ತರಿಸಿಯೇ ಕೂರಿಸಬೇಕು, ಆಗ ಯಾರದೋ ತಲೆ, ಯಾರದೋ ಪಾದ ಹೋಗುತ್ತದೆ. 6×8 ಹೇಳ್ರಿ, ಚಿತ್ರ ಪೂರ್ತಿ ಕೂರುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಮಾಡಿ ಕಳಿಸ್ರಿ. ಬರೀ ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಪ್ರಿಂಟಿನಲ್ಲಿ ಮುಖ ಮಸುಕಾಗುತ್ತದೆ.

ಈಗ ಕಟ್ಟಿನ ವಿಷಯ. ಇದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದು. ಲ್ಯಾಬಿನ ಫೋಟೋದ ಮೇಲ್ಮೈಯಲ್ಲಿ ಜೆಲಟಿನ್ ಪದರ ಇರುತ್ತದೆ. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಒತ್ತಿಕೊಳ್ಳುತ್ತದೆ, ಒಣಗಿದಾಗ ದೋಸೆ ಕಾವಲಿಗೆ ಹಿಡಿದ ಹಾಗೆ ಹಿಡಿದುಬಿಡುತ್ತದೆ. ಅದಕ್ಕೇ ಫೋಟೋಕ್ಕೂ ಗಾಜಿಗೂ ನಡುವೆ ಉಗುರಿನ ದಪ್ಪದಷ್ಟಾದರೂ ಗಾಳಿ ಇರಬೇಕು. ಕಟ್ಟು ಹಾಕುವ ಅಂಗಡಿಯಲ್ಲಿ ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟಿನ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಫ್ರೇಮಿನ ತುಟಿಯ ಕೆಳಗೆ ಮರೆಯಾಗುವಷ್ಟು ಸಣ್ಣ ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ಎರಡು ಪದರ ಅಂಟಿಸಿ, ಗಾಜಿನ ಒಳಮೈಗೆ ನಾಲ್ಕೂ ಅಂಚಿಗೆ ಕೂರಿಸ್ರಿ. ಫೆವಿಕಾಲ್ ತೆಳ್ಳಗೆ ಸವರಿದರೆ ಸಾಕು. ಅಂಟಿಸಿದ ಮೇಲೆ ಒಂದು ರಾತ್ರಿ ತೆರೆದು ಬಿಡಬೇಕು. ಹಸಿ ಇರುವಾಗಲೇ ಮುಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ, ಮಾಡಿದ್ದೆಲ್ಲ ದಂಡ.

ಫೋಟೋವನ್ನು ಹಿಂದಿನ ರಟ್ಟಿಗೆ ಗಮ್ಮು ಬಳಿದು ಅಂಟಿಸುವವರಿಗೆ ಏನು ಹೇಳಲಿ! ತೇವಕ್ಕೆ ಕಾಗದ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದಕ್ಕೆ ಆಡಲು ಜಾಗ ಬೇಕು, ಇಲ್ಲದಿದ್ದರೆ ಅಲೆ ಅಲೆ ಏಳುತ್ತದೆ. ಎರಡು ಬೆರಳಗಲದ ತೆಳು ಬಿಳಿ ಕಾಗದದ ಎರಡೂ ತುದಿ ನಡುವಿಗೆ ಮಡಿಚಿದರೆ ಮೂರು ಮೂಲೆಯ ಚೀಲ ಆಗುತ್ತದೆ. ಅಂಥ ನಾಲ್ಕು ಮಾಡಿ, ಫೋಟೋದ ನಾಲ್ಕು ಮೂಲೆಗೆ ತೊಡಿಸಿ, ಚೀಲದ ಬೆನ್ನಿಗೆ ಮಾತ್ರ ಅಂಟು ಹಚ್ಚಿ ರಟ್ಟಿಗೆ ಕೂರಿಸ್ರಿ. ಫೋಟೋಕ್ಕೆ ಅಂಟಿನ ಹನಿಯೂ ತಾಗಬಾರದು. ಮೂಲೆ ಬಿಗಿ ಎಳೆಯಬೇಡಿ, ಕೂದಲೆಳೆ ಸಡಿಲ ಇರಲಿ. ಮುಚ್ಚಿದ ಮೇಲೆ ಬ್ಯಾಟರಿ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡ್ರಿ. ಎಲ್ಲಾದರೂ ಒದ್ದೆಯಾದಂತೆ ಹೊಳೆಯುವ ಕಲೆ ಕಂಡರೆ ಅಲ್ಲಿ ಫೋಟೋ ಗಾಜಿಗೆ ತಾಗಿದೆ, ಬಿಚ್ಚಿ ಮತ್ತೆ ಕೂರಿಸಬೇಕು. ಅಂಗಡಿಯವರು "ಇಷ್ಟೆಲ್ಲ ಯಾಕ್ರಿ ಅಮ್ಮಾರ" ಅಂದರೆ ಸುಮ್ಮನಿರಿ, ಆಳ ಇರುವ ಪಟ್ಟಿಯ ಫ್ರೇಮೇ ಬೇಕು ಅಂತ ಹಟ ಹಿಡೀರಿ.

ಈಗಾಗಲೇ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ. ನಮ್ಮ ಮಾವನವರ ಫೋಟೋವನ್ನು ಮನೆಯ ಹುಡುಗನೊಬ್ಬ ಎಳೆದ, ರುಮಾಲು ಪೂರ್ತಿ ಗಾಜಿನ ಮೇಲೆ ಉಳಿಯಿತು. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಹೊಸ ಪ್ರಿಂಟ್ ತೆಗೆಸಿದ್ದರೆ ಆಗುತ್ತಿತ್ತು.

ತೂಗುಹಾಕುವಾಗ ಕಟ್ಟಿನ ಬೆನ್ನಿಗೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬೂಚಿನ ಚಕ್ಕೆ ಅಂಟಿಸ್ರಿ, ಗೋಡೆಯ ತಂಪು ತಾಗುವುದಿಲ್ಲ. ಹಳೇ ಚಪ್ಪಲಿಯ ರಬ್ಬರು ಕತ್ತರಿಸಿ ಹಚ್ಚುವವರನ್ನೂ ನೋಡಿದ್ದೇನೆ, ಹಿರಿಯರ ಫೋಟೋಕ್ಕೆ ಅದು ಸಲ್ಲದು. ರೊಟ್ಟಿ ಬಡಿಯುವ ಕೋಣೆಯ ಹೊಗೆ, ಪಡುವಣ ಕಿಟಕಿಯ ಬಿಸಿಲು, ಎರಡರಿಂದಲೂ ದೂರ ಇರಲಿ. ನಮ್ಮ ಬಿಸಿಲಿಗೆ ಬಣ್ಣದ ಫೋಟೋ ಬಲು ಬೇಗ ಬೆಳ್ಳಗಾಗುತ್ತದೆ. ಒರೆಸಲು ಒಣ ಅರಿವೆ. ಕುಂಕುಮ ಮೆತ್ತಿಕೊಂಡಿದ್ದರೆ ಅರಿವೆಯ ಒಂದು ಮೂಲೆ ಮಾತ್ರ ತುಸು ತೇವ ಮಾಡಿಕೊಳ್ಳಿ.

ಆಲ್ಬಮ್ಮಿನಲ್ಲಿ ಬೇವಿನ ಎಲೆ ಇಡುತ್ತಾರೆ. ಬೇವು ಜೋಳದ ಚೀಲಕ್ಕೆ ಸರಿ, ಅದೂ ನೆರಳಲ್ಲಿ ಗರಿಗರಿ ಒಣಗಿಸಿದ್ದು. ಹಸಿ ಎಲೆ ಹಾಕಿ ಜೋಳವನ್ನೇ ಮುಗ್ಗು ಹಿಡಿಸುವವರೂ ಇದ್ದಾರೆ. ಫೋಟೋದ ಮೇಲೆ ಎಲೆಯ ಕಲೆ ಕೂರುತ್ತದೆ. ಡಾಂಬರ ಗುಳಿಗೆಯೂ ಬೇಡ, ಪ್ಲಾಸ್ಟಿಕ್ ಹಾಳೆ ಮೆತ್ತಗಾಗಿ ಅಂಟುತ್ತದೆ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ, ತೇವ ಹೀರುವ ಪುಟ್ಟ ಸಿಲಿಕಾ ಚೀಲ ಎಸೆಯಬೇಡಿ, ಅದನ್ನು ಡಬ್ಬದಲ್ಲಿ ಫೋಟೋಗಳ ಜೊತೆ ಇಡ್ರಿ.

ಫೋಟೋದ ಬೆನ್ನಿಗೆ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಗೆ ಗೀರು ಏಳುತ್ತದೆ. ಕಟ್ಟಿನ ಹಿಂದಿನ ರಟ್ಟಿನ ಮೇಲೆ ಬರೀರಿ: ಯಾರು, ಯಾವ ಊರು, ಯಾವ ಇಸವಿ. ಎಡದಿಂದ ಬಲಕ್ಕೆ ಎಲ್ಲರ ಹೆಸರು, ಎತ್ತಿಕೊಂಡ ಕೂಸಿನದೂ ಸೇರಿಸಿ.