ಜೋನಿಬೆಲ್ಲದ ಬಣ್ಣದ ಡಿಎನ್‌ಎ

ನಮ್ಮ ತೋಟ ಮೂಡಿಗೆರೆ ಹತ್ತಿರ. ಎಸ್ 795 ಅರೇಬಿಕಾ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಹಳೇ ತಳಿ. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆ ತುಕ್ಕು ಎಂಬ ಶಿಲೀಂಧ್ರ ರೋಗ ಬಂದು ಗಿಡಗಳು ಬೋಳಾಗುತ್ತವೆ, ಆದರೆ ಆರು ಗಿಡ ಮಾತ್ರ ಹಸಿರಾಗೇ ನಿಂತಿರುತ್ತವೆ. ಅವುಗಳ ಡಿಎನ್‌ಎಯಲ್ಲಿ ಏನಿದೆ ನೋಡೋಣ ಅಂತ ಎಂಎಸ್ಸಿ ಪ್ರಾಜೆಕ್ಟ್‌ಗೆ ಅವನ್ನೇ ಹಿಡಿದೆ.

ಮೊದಲ ಪೆಟ್ಟು ಎಲೆಯಲ್ಲೇ. ದೊಡ್ಡ ದೊಡ್ಡ ಬಲಿತ ಎಲೆ ಕಿತ್ತು, ಪ್ಲಾಸ್ಟಿಕ್ ಕವರ್‌ಗೆ ತುಂಬಿ, ರಾತ್ರಿ ಬಸ್ಸಲ್ಲಿ ಬೆಂಗಳೂರಿಗೆ ಒಯ್ದೆ. ಡಿಎನ್‌ಎ ಬಂತು, ಜೋನಿಬೆಲ್ಲದ ಬಣ್ಣದಲ್ಲಿ. ಕಾಫಿ ಎಲೆಯಲ್ಲಿ ಪಾಲಿಫಿನಾಲ್ ಜಾಸ್ತಿ. ಎಲೆ ಅರೆದ ಕೂಡಲೇ ಅವು ಗಾಳಿ ತಾಗಿ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಬಾಳೆದಿಂಡು ಹೆಚ್ಚಿಟ್ಟರೆ ಕಪ್ಪಾಗುತ್ತಲ್ವಾ, ಹಾಗೆ. ಅಮ್ಮ ಮಜ್ಜಿಗೆ ನೀರಿಗೆ ಹಾಕಿಡುತ್ತಾರೆ, ನಾನು ಎಲೆ ಅರೆಯುವ ದ್ರಾವಣಕ್ಕೆ (ಬಫರ್) ಕಂದಾಗದಂತೆ ತಡೆಯುವ ಪಿವಿಪಿ ಮತ್ತು ಬೀಟಾ ಮರ್ಕ್ಯಾಪ್ಟೋಇಥನಾಲ್ ಹಾಕಿದೆ (ಇದರ ವಾಸನೆಗೆ ಊಟ ಸೇರುವುದಿಲ್ಲ). ಎರಡನೇ ಸಲ ತುದಿಯ ಎಳೆ ಎಲೆ ಮಾತ್ರ ಕಿತ್ತು, ಗಿಡದ ಬುಡದಲ್ಲೇ ಸಿಲಿಕಾ ಜೆಲ್ ಜೊತೆ ಕವರ್‌ಗೆ ಹಾಕಿದೆ. ಡಿಎನ್‌ಎ ಎಷ್ಟು ಶುದ್ಧ ಎಂದು ಹೇಳುವ 260/280 ಅನುಪಾತ, ಬೇಕಾದಂತೆ 1.8 ಬಂದ ದಿನ ಲ್ಯಾಬ್‌ನವರಿಗೆಲ್ಲ ಟೀ ಕೊಡಿಸಿದೆ.

ಸೀಕ್ವೆನ್ಸ್ ಬಂದ ಮೇಲೆ ಇನ್ನೊಂದು ಎಡವಟ್ಟು. ರೋಬಸ್ಟಾ ಕಾಫಿಯ ಜೀನೋಮ್ (ಪೂರ್ತಿ ಡಿಎನ್‌ಎ ಬರಹ) 2014ರಲ್ಲೇ ಪ್ರಕಟವಾಗಿತ್ತು, ಸುಮ್ನೆ ಅದಕ್ಕೇ ನನ್ನ ರೀಡ್‌ಗಳನ್ನು, ಅಂದರೆ ಯಂತ್ರ ಓದಿಕೊಟ್ಟ ಡಿಎನ್‌ಎ ಚೂರುಗಳನ್ನು, ಹೊಂದಿಸಿದೆ. ಸಾವಿರಾರು ಜಾಗದಲ್ಲಿ ಪ್ರತಿ ಗಿಡದಲ್ಲೂ ಒಂದರ ಬದಲು ಎರಡೆರಡು ಡಿಎನ್‌ಎ ಅಕ್ಷರ! ಎಷ್ಟೊಂದು ವೈವಿಧ್ಯ ಅಂತ ಕುಣಿದಾಡಿದೆ. "ಅರೇಬಿಕಾ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ, ಎಲ್ಲದರಲ್ಲೂ ಒಂದೇ ಥರ ಎರಡು ಅಕ್ಷರ ಹೇಗೆ ಬರುತ್ತೆ?" ಅಂದರು ಗೈಡ್. ಅರೇಬಿಕಾದ 44 ಕ್ರೋಮೋಸೋಮ್‌ಗಳಲ್ಲಿ ಅರ್ಧ ರೋಬಸ್ಟಾ ಕಡೆಯವು, ಇನ್ನರ್ಧ ಯೂಜಿನಿಯಾಯ್ಡಿಸ್ ಎಂಬ ಕಾಡು ಕಾಫಿಯವು. ಈ ಕಾಡು ಕಾಫಿ ಭಾಗದ ರೀಡ್‌ಗಳೂ ಹೋಗಿ ರೋಬಸ್ಟಾ ಮೇಲೇ ಕೂತಿದ್ದವು. ಎರಡೂ ಭಾಗ ಇರುವ ಅರೇಬಿಕಾ ಜೀನೋಮ್‌ಗೆ ಹೊಂದಿಸಿದಾಗ ನನ್ನ ವೈವಿಧ್ಯವೆಲ್ಲ ಮಾಯ. ಮೂರು ತಿಂಗಳು ನೀರಲ್ಲಿ ಹೋಮ.

ಉಳಿದದ್ದರಲ್ಲಿ ಒಂದು ತುಣುಕು ಕೆಲಸಕ್ಕೆ ಬಂತು. ತುಕ್ಕು ತಡೆಯುವ ಎಸ್‌ಎಚ್ 3 ಜೀನ್ ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿಯಿಂದ ಎಸ್ 288 ತಳಿಗೆ, ಅಲ್ಲಿಂದ ಎಸ್ 795ಕ್ಕೆ ಬಂದದ್ದು. ಹಸಿರು ಗಿಡ ಆರರಲ್ಲಿ ನಾಲ್ಕಕ್ಕೆ ಅದಿತ್ತು. ಬೋಳಾದ ಕೆಲವು ಗಿಡಗಳಲ್ಲೂ ಇತ್ತು, ಯಾಕೆಂದರೆ ಶಿಲೀಂಧ್ರದ ಕೆಲವು ತಳಿಗಳು ಆಗಲೇ ಅದನ್ನು ದಾಟಿವೆ. ಹಾಗಾಗಿ ಒಂದೇ ಗಿಡದಲ್ಲಿ ಎರಡು ಮೂರು ಜೀನ್ ಕೂಡಿಸಬೇಕು. ಗಿಡ ಹಸಿರಾಗಿದ್ದರೆ ಒಳಗೆ ಒಂದಿದೆಯೋ ಎರಡಿದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ಜೀನ್ ಇದೆಯೋ ಇಲ್ಲವೋ ತೋರಿಸುವ ಡಿಎನ್‌ಎ ಗುರುತು (ಮಾರ್ಕರ್) ಇದ್ದರೆ ಪಾತಿಯಲ್ಲಿರುವ ಸಸಿಯ ಒಂದು ಚೂರು ಎಲೆ ಸಾಕು.

ಉಳಿದೆರಡು ಗಿಡ? ಆ ಜೀನೇ ಇಲ್ಲ, ಆದರೂ ಹಸಿರು. ಅಪ್ಪನನ್ನು ಕೇಳಿದೆ. "ರಸ್ತೆ ಪಕ್ಕದವಲ್ವಾ, ತುಕ್ಕಿಗೆ ಬೋರ್ಡೋ ಔಷಧಿ ಹೊಡೆಯುವಾಗ ಅವಕ್ಕೇ ಜಾಸ್ತಿ ಬೀಳುತ್ತೆ" ಅಂದರು.