ಹೊಸದಾಗಿ ತಂಡದ ಹೊಣೆ ಹೊತ್ತವರಿಗೆ: ಸಭೆಯಲ್ಲಿ ಕೊನೆಯ ಮಾತು ನಿಮ್ಮದಿರಲಿ

ಬಡ್ತಿ ಪಡೆದು ಮೊದಲ ಬಾರಿಗೆ ತಂಡವೊಂದನ್ನು ಮುನ್ನಡೆಸುತ್ತಿದ್ದರೆ, ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಎಲ್ಲರ ನಂತರ ಹೇಳುವುದನ್ನು ರೂಢಿಸಿಕೊಳ್ಳಿ. ಸೇವೆಯಲ್ಲಿ ಎಲ್ಲರಿಗಿಂತ ಕಿರಿಯರಾದವರಿಂದಲೇ ಚರ್ಚೆ ಆರಂಭವಾಗಲಿ. ನಿನ್ನೆಯವರೆಗೆ ಸಹೋದ್ಯೋಗಿಯ ಸಲಹೆಯಾಗಿದ್ದ ನಿಮ್ಮ ಮಾತು ಇಂದು ಆದೇಶದಂತೆ ಕೇಳಿಸುವುದರಿಂದ, "ಈ ಗಡುವು ಸಾಕಲ್ಲವೇ?" ಎಂದು ನೀವೇ ಮೊದಲು ಕೇಳಿಬಿಟ್ಟರೆ, ಸಾಲದೆಂದು ಬಲ್ಲವರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದರ ಬದಲು "ಇದಕ್ಕೆ ಎಷ್ಟು ದಿನ ಬೇಕು, ಎಲ್ಲಿ ತಡವಾಗಬಹುದು?" ಎಂದು ಕೇಳಿ, ಉತ್ತರ ಬರುವವರೆಗೆ ಮೌನವಾಗಿರಿ (ನಿಜಕ್ಕೂ ಕಷ್ಟವಾಗುವುದು ಈ ಮೌನವೇ). ತುರ್ತು ಸಂದರ್ಭದಲ್ಲಿ ಈ ಕ್ರಮ ನಡೆಯದು. ನಿರ್ಧಾರ ಮೇಲಿನಿಂದಲೇ ಆಗಿ ಬಂದಿರುವಾಗಲಂತೂ ಅಭಿಪ್ರಾಯ ಕೇಳುವ ನಾಟಕ ಬೇಡ. ಅದನ್ನು ನೇರವಾಗಿ ತಿಳಿಸಿ, ಜಾರಿಗೊಳಿಸುವ ಬಗೆಯನ್ನಷ್ಟೇ ಚರ್ಚೆಗಿಡಿ.